ನಳಿಕೆಯಲ್ಲಿ ಉಳಿದ ಗುಂಡು

ಅಪ್ಪಾ,

ಇವತ್ತು ನಿಮ್ಮ ಪಿಸ್ತೂಲಿನಿಂದ ಗುಂಡು ಹಾರಿ ಅತ್ತಿಗೆಯ ಪಾದಕ್ಕೆ ತಗುಲಿದೆ. ಪೊಲೀಸರಿಗೆ ತಿಳಿಸಿದವರು ಆಸ್ಪತ್ರೆಯ ಡಾಕ್ಟರು. ಅಣ್ಣ ಪಿಸ್ತೂಲನ್ನು ಒರೆಸುತ್ತಿದ್ದ. ಗುಂಡು ತುಂಬುವ ಮ್ಯಾಗಜೀನ್ ತೆಗೆದಿದ್ದ, ಆದರೆ ನಳಿಕೆಯಲ್ಲಿ ಒಂದು ಗುಂಡು ಉಳಿದಿತ್ತು.

"ಪಿಸ್ತೂಲು ಯಾರದ್ದಮ್ಮ?" ಎಂದರು ಇನ್‌ಸ್ಪೆಕ್ಟರ್.

"ಅಪ್ಪಂದು ಸಾರ್. ಲೈಸೆನ್ಸ್ ಇದೆ."

"ಕರೀರಿ ಅವರನ್ನ."

"ತೀರಿಕೊಂಡು ವರ್ಷ ಆಯ್ತು."

"ತೀರಿಕೊಂಡೋರಿಗೆ ಯಾವ ಲೈಸೆನ್ಸಮ್ಮ? ಆಗಲೇ ತಂದು ಒಪ್ಪಿಸಬೇಕಿತ್ತು."

ಅಣ್ಣನ ಮೇಲೆ ಕೇಸಾಗಿದೆ, ಜೈಲಾಗಲೂಬಹುದು. ನಳಿಕೆಯನ್ನೂ ನೋಡಬೇಕೆಂದು ನೀವು ನಮಗೆ ಹೇಳಿಕೊಟ್ಟಿದ್ದಿರಾ ಎಂದು ಇನ್‌ಸ್ಪೆಕ್ಟರ್ ಕೇಳುತ್ತಿದ್ದಾರೆ. ಹೌದೆಂದರೆ ಅಣ್ಣ ಸಿಕ್ಕಿಬೀಳುತ್ತಾನೆ. ಇಲ್ಲವೆಂದರೆ ತಪ್ಪು ನಿಮ್ಮ ತಲೆಗೆ ಬರುತ್ತದೆ. ನನ್ನ ನೆನಪಿನಲ್ಲಿ ನೀವು ಹೇಳಿದ ಹಾಗೂ ಇದೆ, ಹೇಳದ ಹಾಗೂ ಇದೆ. ಅಣ್ಣನನ್ನು ಕೇಳಿದರೆ ನೀನೇನು ಹೇಳುತ್ತೀಯೆಂದು ನನ್ನನ್ನೇ ಕೇಳುತ್ತಾನೆ.

ಸೋಮವಾರ ಬೆಳಿಗ್ಗೆ ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಳ್ಳುತ್ತಾರೆ.