ಮಸ್ಕಿ ದಾಟುವಾಗಿನ ಸಪ್ಪಳ

17 ಏಪ್ರಿಲ್ 1988, ಭಾನುವಾರ. ಸಿಂಧನೂರು

ಒಂಬತ್ತಕ್ಕೆ ಅಂಗಡಿ ತೆರೆದೆ. ಗೊರೇಬಾಳದವರ ರೇಡಿಯೊ — ಸ್ಪೀಕರ್ ಹರಿದಿತ್ತು, ಅಂಟಿಸಿ ಕೊಟ್ಟೆ. ತುರ್ವಿಹಾಳದವರ ಟೇಪ್ — ಬೆಲ್ಟ್ ಹೋಗಿದೆ, ರಾಯಚೂರಿನಿಂದ ಬರಬೇಕು. ಮಧ್ಯಾಹ್ನ ಕರೆಂಟ್ ಇಲ್ಲ.

ನಿನ್ನೆ ಅಮಾವಾಸ್ಯೆ. ಎಂದಿನಂತೆ ಹೆಂಡತಿ ಪಂಪಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಲಿಂಗಸುಗೂರಿಗೆ, ಅವ್ವನ ಮನೆಗೆ. ಪೂಜೆ, ಊಟ. ನಾಲ್ಕಕ್ಕೆ ವಾಪಸು ಹೊರಟೆವು. ಬರುವಾಗ ಮಸ್ಕಿಯಲ್ಲಿ ಗಾಡಿಯಿಂದ ಏನೋ ಸಪ್ಪಳ. ಟಿಣ್... ಟಿಣ್... ಹಳ್ಳದ ಸೇತುವೆ ದಾಟಿದ ಮೇಲೆ ಇಲ್ಲ.

"ನಿಂಗೇನರ ಕೇಳಿಸ್ತೇನು?" ಅಂದೆ.

"ಇಲ್ರಿ."

ನಾನು ರೇಡಿಯೊ ರಿಪೇರಿ ಮಾಡುವವ. ಯಾವ ಸೆಟ್ಟಿಗೆ ಏನು ರೋಗ ಅಂತ ಮುಚ್ಚಳ ಬಿಚ್ಚುವ ಮೊದಲೇ ಹೇಳುವವ. ಕೇಳಿಸಿತು ಅಂದರೆ ಕೇಳಿಸಿತು.

18 ಏಪ್ರಿಲ್

ಜಿಲಾನಿಸಾಬ್‌ನ ಗ್ಯಾರೇಜ್. ಚೈನ್ ನೋಡಿದ. ಸೈಲೆನ್ಸರ್ ನಟ್ ನೋಡಿದ. ಮಡ್‌ಗಾರ್ಡ್ ಅಲ್ಲಾಡಿಸಿದ. ಎಲ್ಲಾ ಗಟ್ಟಿ.

"ಬರೇ ಬರೂವಾಗಷ್ಟ? ಹೋಗೂವಾಗ ಇಲ್ಲ?"

"ಇಲ್ಲ."

"ಅದೂ ಮಸ್ಕ್ಯಾಗಷ್ಟ?"

"ಅಷ್ಟ."

ಸ್ಪ್ಯಾನರ್ ಕೆಳಗಿಟ್ಟು ನಕ್ಕ. "ಅಣ್ಣಾರ, ಗಾಡಿಗೆ ಊರು ಗುರುತ ಹತ್ತೂದಿಲ್ರಿ."

ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಸಿಟ್ಟು ಬಂತು. ಚಹಾ ಕುಡಿಯದೆ ಎದ್ದು ಬಂದೆ.

16 ಮೇ, ಬೆಳಿಗ್ಗೆ

ನಿನ್ನೆ ಮತ್ತೆ ಅಮಾವಾಸ್ಯೆ, ಮತ್ತೆ ಲಿಂಗಸುಗೂರು. ಈ ಸಲ ಕಿವಿ ಇಟ್ಟುಕೊಂಡೇ ಬಂದೆ. ಸಪ್ಪಳ ಶುರುವಾಗುವುದು ಬೇವಿನ ಮರದ ಹತ್ತಿರ. ನಿಲ್ಲುವುದು ಸೇತುವೆಗೆ. ಗಾಡಿ ಕಾದಿದ್ದಕ್ಕೆ ಇರಬಹುದು ಅನ್ನೋಣವೆಂದರೆ ಸೇತುವೆಯಾಚೆ ಇನ್ನೂ ಕಾಯುತ್ತದಲ್ಲ? ರಸ್ತೆ ಕೆಟ್ಟಿದೆ ಅನ್ನೋಣವೆಂದರೆ ಹೋಗುವಾಗಲೂ ಅದೇ ರಸ್ತೆ.

ಬೇವಿನ ಮರ ಅಂದರೆ ಪಂಪಮ್ಮನ ತವರಿನ ಓಣಿಯ ಬಾಯಿ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಬಂತು, ಇರಲಿ.

ಎರಡು ವರ್ಷವಾಯಿತು ಆ ಮನೆಯ ಹೊಸಿಲು ತುಳಿದು. ಅವಳಣ್ಣ ಮೈಲಾರಲಿಂಗಪ್ಪನ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ. ಹೊರಡುವ ಹೊತ್ತು. ಹತ್ತು ಜನರ ಎದುರಿಗೆ ನನ್ನ ಗಾಡಿಯ ಸೀಟಿನ ಮೇಲಿನ ಧೂಳಿನಲ್ಲಿ ಬೆರಳು ಎಳೆದು ಅಂದ — "ತಂಗಿನ್ನೂ ಕೊಟ್ಟೀನಿ, ಗಾಡಿನೂ ಕೊಟ್ಟೀನಿ. ಗಾಡಿನರ ಛಲೋ ಇಟ್ಕೋರಿ." ಎಲ್ಲರೂ ನಕ್ಕರು. ಹೌದು, ಮದುವೆಯಲ್ಲಿ ಗಾಡಿ ಕೊಟ್ಟವನು ಅವನೇ. ಹಾಗಂತ?

ಕಿಕ್ ಹೊಡೆದು ಕೂಗಿದೆ. ಒಳಗೆ ಪಂಪಮ್ಮ ಮಣೆಯ ಮೇಲೆ ಕೂತಿದ್ದಳಂತೆ, ಉಡಿ ತುಂಬುತ್ತಿದ್ದರಂತೆ. ಅರ್ಧ ತುಂಬಿದ ಉಡಿ ಹಿಡಿದುಕೊಂಡೇ ಓಡಿ ಬಂದಳು. ಸಿಂಧನೂರು ಮುಟ್ಟುವ ತನಕ ದಾರಿಯಲ್ಲಿ ಅಕ್ಕಿ ಉದುರಿತು. ಅವತ್ತಿನಿಂದ ಅವಳು ಆ ಮನೆಗೆ ಹೋಗಿಲ್ಲ. ಹೋಗುತ್ತೀನಿ ಅಂತ ಕೇಳಿಯೂ ಇಲ್ಲ. ಕೇಳದಿದ್ದದ್ದು ಒಳ್ಳೆಯದೇ ಆಯಿತು.

15 ಜೂನ್

ನಿನ್ನೆಯೂ ಬಂತು. ಟಿಣ್ ಟಿಣ್.

ರೇಡಿಯೊ ಗೊರಗೊರ ಅಂದರೆ ಒಂದೊಂದೇ ಪಾರ್ಟ್ ತೆಗೆದು ನೋಡುತ್ತೇನೆ. ಯಾವುದು ತೆಗೆದಾಗ ಗೊರಗೊರ ನಿಲ್ಲುತ್ತದೋ ಅದೇ ಕಳ್ಳ. ಇಲ್ಲೂ ಅದನ್ನೇ ಮಾಡುವುದು. ಹೋದ ವಾರವೇ ಸೀರೆ ಗಾರ್ಡ್ ಬಿಚ್ಚಿಟ್ಟಿದ್ದೆ. ಆದರೂ ಬಂತು. ಇವತ್ತು ಟೂಲ್ ಬಾಕ್ಸ್ ತೆಗೆದೆ. ನಂಬರ್ ಪ್ಲೇಟ್ ಬಿಗಿದೆ.

ಒಂದು ವಿಚಿತ್ರ. ಹಿಂದಿನ ಎಡಗಡೆಯ ಫುಟ್‌ರೆಸ್ಟ್‌ನ ಸರಳಿನಲ್ಲಿ ಒಂದೇ ಕಡೆ ಕರಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿದೆ. ಕಡಲೆ ಕಾಳಿನಷ್ಟು ಜಾಗ. ಕಲ್ಲು ಸಿಡಿದಿರಬೇಕು.

19 ಜೂನ್, ಭಾನುವಾರ

ಜಿಲಾನಿಸಾಬ್‌ನನ್ನೇ ಹಿಂದೆ ಕೂರಿಸಿಕೊಂಡು ಲಿಂಗಸುಗೂರಿಗೆ ಹೋಗಿ ಬಂದೆ. ಬೇವಿನ ಮರ ಬಂತು. ಸೇತುವೆ ಬಂತು. ಸಪ್ಪಳ ಇಲ್ಲ. ಸಿಂಧನೂರಿನಲ್ಲಿ ಇಳಿದ ಮೇಲೆ ಜಿಲಾನಿಸಾಬ್ ನನ್ನ ಹೆಗಲ ಮೇಲೆ ಕೈ ಇಟ್ಟು, "ನಿದ್ದಿ ಸರಿ ಆಗ್ತದೇನ್ರಿ?" ಅಂದ.

26 ಜೂನ್, ಭಾನುವಾರ

ಅಕ್ಕಿ ಚೀಲ ಕಟ್ಟಿಕೊಂಡು ಹೋದೆ. ಪಂಪಮ್ಮನಷ್ಟೇ ತೂಕ. ಸಪ್ಪಳ ಇಲ್ಲ.

ಎಲ್ಲಾ ತೆಗೆದಾಯಿತು. ಉಳಿದದ್ದು ಒಂದೇ. ಹಿಂದೆ ಕೂರುವವಳು.

ತಲೆ ಕೆಟ್ಟಿದೆ. ಹೆಂಡತಿ ಟಿಣ್ ಅನ್ನುತ್ತಾಳೆಯೇ?

14 ಜುಲೈ

ನಿನ್ನೆ ಮಣ್ಣೆತ್ತಿನ ಅಮಾವಾಸ್ಯೆ. ಹೊರಡುವ ಮುಂಚೆಯೇ ಹೇಳಿದೆ. "ನೀ ಒಂದ್ ಕಡೆ ವಾಲಿ ಕುಂದರ್ತಿ ಅಂತ ಕಾಣಸ್ತದ. ಬ್ಯಾಲೆನ್ಸ್ ತಪ್ಪತೈತಿ. ಮಸ್ಕ್ಯಾಗ ಅಲಗಾಡದಂಗ ನೆಟ್ಟಗ ಕುಂದ್ರು."

ಒಂದು ಗಳಿಗೆ ನನ್ನ ಮುಖ ನೋಡಿದಳು. "ಹೂಂ" ಅಂದಳು.

ಬರುವಾಗ ಸಪ್ಪಳ ಇಲ್ಲ! ಸೇತುವೆಯ ಮೇಲೆ ಜೋರಾಗಿ ಹಾರ್ನ್ ಹೊಡೆದೆ. ಗೆದ್ದೆ ಅನ್ನಿಸಿತು. ಮನೆಗೆ ಬಂದ ಮೇಲೆ ಅವಳು ಸೀದಾ ಒಳಗೆ ಹೋದಳು. ರೊಟ್ಟಿ ಬಡಿದಳು, ಬಡಿಸಿದಳು. ತಾನು ಉಣ್ಣಲಿಲ್ಲ. ಹೊಟ್ಟೆ ತುಂಬಿದೆ ಅಂದಳು.

ರೋಗ ಗೊತ್ತಾಯಿತು, ವಾಸಿಯೂ ಆಯಿತು. ಯಾಕೋ ಖುಷಿ ಆಗುತ್ತಿಲ್ಲ. ನೆಟ್ಟಗೆ ಕೂತರೆ ನಿಲ್ಲುವ ಸಪ್ಪಳ ಮಸ್ಕಿಯಲ್ಲೇ ಯಾಕೆ ಬರಬೇಕು? ಉಳಿದ ಐವತ್ತು ಕಿಲೋಮೀಟರ್ ಅವಳು ನೆಟ್ಟಗೇ ಕೂತಿರುತ್ತಾಳೆಯೇ?

24 ಜುಲೈ

ಬಳೆ ಮಾರುವ ಖಾತೂನ್‌ಬೀ ಅಂಗಡಿಗೆ ಬಂದಿದ್ದಳು, ರೇಡಿಯೊಗೆ ಸೆಲ್ ಹಾಕಿಸಲು. ಸಂತೆಯಿಂದ ಸಂತೆಗೆ ತಿರುಗುವವಳು. ಮಸ್ಕಿಗೂ ಹೋಗುತ್ತಾಳೆ.

"ನಿಮ್ಮತ್ತಿ ಆದೆಮ್ಮ ಹೆಂಗಿದ್ದಾಳಂತ ಕೇಳೂದಿಲ್ಲೇನ್ರಿ? ಕಟ್ಟಿ ಮ್ಯಾಲಿಂದ ಬಿದ್ದು ನಡಾ ಹಿಡದೈತಿ. ಯುಗಾದಿ ಮುಂದ ಮಲಗಿದಾಕಿ ಇನ್ನಾ ಎದ್ದಿಲ್ಲ."

"ಪಂಪಮ್ಮಗ ಹೇಳಿಯೇನು?"

"ಆವಾಗ್ಲೇ ಹೇಳೀನ್ರಿ. ಹೊರಸಿನ ಮ್ಯಾಲ ಮಲಕ್ಕೊಂಡು ಬಾಗಿಲಾ ಕಡೆನ ನೋಡ್ತಿರ್ತಾಳ ಅಂತ ಪ್ರತಿ ಸಂತಿಗೂ ಹೇಳ್ತೀನಿ."

ಸಂಜೆ ಪಂಪಮ್ಮನನ್ನು ಕೇಳಿದೆ. ನನಗ್ಯಾಕ ಹೇಳಲಿಲ್ಲ?

"ಹೇಳಿದ್ರ ಏನ್ ಮಾಡ್ತಿದ್ರಿ?" ಅಂದಳು. ಸಿಟ್ಟಿನಿಂದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ಹಾಗೆ.

ಎದ್ದು ಗಾಡಿ ಒರೆಸಿದೆ.

13 ಆಗಸ್ಟ್, ಬೆಳಿಗ್ಗೆ 6

ನಿನ್ನೆ ನಾಗರ ಅಮಾವಾಸ್ಯೆ. ಎಲ್ಲಾ ಬರೆಯಬೇಕು.

ಒಡೆದು ಹೋಗಿದ್ದ ಬಲಗಡೆಯ ಕನ್ನಡಿಯ ಜಾಗಕ್ಕೆ ಜಿಲಾನಿಸಾಬ್ ಹೊಸದು ಹಾಕಿಕೊಟ್ಟಿದ್ದ. ಸಪ್ಪಳ ಬಂದಾಗ ಹಿಂದೆ ಏನು ಅಲ್ಲಾಡುತ್ತದೆ ಅಂತ ಓಡುತ್ತಿರುವಾಗಲೇ ಕಾಣಲಿ ಅಂತ. ಪಂಪಮ್ಮನಿಗೆ, "ಇವತ್ತ ನೆಟ್ಟಗ ಕುಂದ್ರಬ್ಯಾಡ. ಸಪ್ಪಳ ಬರಬೇಕಾಗೈತಿ" ಅಂದೆ. ಹುಚ್ಚ ಅಂದುಕೊಂಡಿರಬೇಕು.

ಬರುವಾಗ ಬೇವಿನ ಮರ. ಟಿಣ್. ಕನ್ನಡಿ ನೋಡಿದೆ. ಅದರ ತುಂಬ ಪಂಪಮ್ಮನ ಮುಖ.

ಹೆಂಗಸರು ಕೂರುವ ಹಾಗೆ ಎಡಕ್ಕೆ ಕಾಲು ಇಳಿಬಿಟ್ಟು ಕೂರುತ್ತಾಳಲ್ಲ — ಹೋಗುವಾಗ ಓಣಿ ಎಡಕ್ಕೆ, ಅವಳ ಕಣ್ಣೆದುರಿಗೇ. ಬರುವಾಗ ಓಣಿ ಬಲಕ್ಕೆ, ಅವಳ ಬೆನ್ನಿಗೆ. ಅದಕ್ಕೇ ಇಡೀ ಮೈ ತಿರುಗಿಸಿ, ಸೀಟು ಹಿಡಿದು, ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಓಣಿ ಹಿಂದಾದರೂ ನೋಡುತ್ತಿದ್ದಳು. ತಿರುಗಿದಾಗ ಹಿಮ್ಮಡಿ ಎದ್ದು ಕಾಲ್ಬೆರಳ ತುದಿ ಫುಟ್‌ರೆಸ್ಟ್‌ಗೆ ಹತ್ತುತ್ತದೆ. ರಸ್ತೆಯ ಪ್ರತಿ ಕುಣಿಗೂ ಟಿಣ್. ಕಾಲುಂಗುರ.

ಸೇತುವೆ ಬಂತು. ಕನ್ನಡಿಯಿಂದ ಮುಖ ಹೋಯಿತು. ಸಪ್ಪಳವೂ ಹೋಯಿತು.

ನಾಲ್ಕು ತಿಂಗಳು ಗಾಡಿ ಬಿಚ್ಚಿದೆ. ನಾಚಿಕೆ ಆಗುತ್ತಿದೆ. ಮಸ್ಕಿಯಲ್ಲಿ ಅಲ್ಲಾಡಬೇಡ ಅಂದೆನಲ್ಲ, ಅದಕ್ಕೆ ಹೆಚ್ಚು.

14 ಆಗಸ್ಟ್

ಪಂಪಮ್ಮ ಅಂಗಳ ಸಾರಿಸುವಾಗ ಅವಳ ಕಾಲು ನೋಡಿದೆ. ಎಡಗಾಲಿನ ಉಂಗುರ ಒಂದು ಮಗ್ಗುಲಿಗೆ ಚಪ್ಪಟೆಯಾಗಿದೆ, ಕರಿ ಬಣ್ಣ ಮೆತ್ತಿದೆ. "ಏನ್ ನೋಡಾಕತ್ತೀರಿ?" ಅಂದಳು. ಏನಿಲ್ಲ ಅಂದೆ.

ಬುಧವಾರ ಪಂಚಮಿ. ಅಣ್ಣನಾದವನು ಬಂದು ಕರೆಯಬೇಕು, ತಂಗಿ ಹೋಗಬೇಕು. ಹೋದ ವರ್ಷ ಮೈಲಾರಲಿಂಗಪ್ಪ ಬಂದಿದ್ದ. ಮನೆಗಲ್ಲ, ಅಂಗಡಿಗೆ. ನಾನು ಸೆಟ್ಟಿನಿಂದ ತಲೆ ಎತ್ತಲಿಲ್ಲ. "ಕೆಲಸ ಐತಿ" ಅಂದೆ. ಸ್ವಲ್ಪ ಹೊತ್ತು ನಿಂತಿದ್ದು ಹೋದ. ಪಂಪಮ್ಮನಿಗೆ ಇದು ಇವತ್ತಿಗೂ ಗೊತ್ತಿಲ್ಲ. ಈ ವರ್ಷ ಅವನು ಹೇಗೆ ಬಂದಾನು?

ಕರೆಯದೆ ಹೋಗುವುದು ಹೇಗೆ? ಹೋಗಿ ಏನನ್ನುವುದು? ರೇಡಿಯೊ ಆದರೆ ಸಾಲ್ಡರ್ ಇಟ್ಟು ಮುಗಿಸುತ್ತಿದ್ದೆ.

17 ಆಗಸ್ಟ್, ಪಂಚಮಿ. ಬೆಳಿಗ್ಗೆ 8. ಮಸ್ಕಿ

ನಿನ್ನೆ ಮಧ್ಯಾಹ್ನ ಅಂದೆ, "ನಡಿ, ಗಾಡಿ ಟೆಸ್ಟ್ ಮಾಡೋದೈತಿ." ಹಬ್ಬದ ಕೆಲಸ ಬಿಟ್ಟು ಬಂದಳು. ಬೇವಿನ ಮರದ ಹತ್ತಿರ ನಿಲ್ಲಿಸಿದೆ.

"ಯಾಕ್ರಿ? ಸಪ್ಪಳ ಬಂತೇನ್ರಿ?"

"ಹೂಂ. ಬಂತು. ಇಳಿ."

ಇಳಿದಳು. ಓಣಿ ನೋಡಿದಳು. ನನ್ನನ್ನು ನೋಡಿದಳು.

"ನೀವು?"

"ಗಾಡಿ ನೋಡ್ತೀನಿ. ನೀ ಹೋಗು. ನಿಮ್ಮವ್ವ ಬಾಗಿಲಾ ಕಡೆ ನೋಡ್ತಿರ್ತಾಳಂತ."

ಸೆರಗು ಬಾಯಿಗೆ ಹಿಡಿದಳು. ನಾಲ್ಕು ಹೆಜ್ಜೆ ನಡೆದಳು, ಆಮೇಲೆ ಓಡಿದಳು. ಓಣಿಗೆ ಪರಸಿ ಹಾಸಿದ್ದಾರೆ. ಆ ಕಲ್ಲಿನ ಮೇಲೆ ಟಿಣ್ ಟಿಣ್ ಟಿಣ್. ಚಪ್ಪಲಿ ಮರದ ಕೆಳಗೇ ಬಿಟ್ಟಿದ್ದಳು. ಅಳು ಬಂತು. ಬರೆಯುತ್ತಿದ್ದೇನೆ, ಯಾರು ಓದುತ್ತಾರೆ.

ನನಗೆ ಒಳಗೆ ಹೋಗುವ ಧೈರ್ಯ ಆಗಲಿಲ್ಲ. ಗಾಡಿ ತಳ್ಳಿಕೊಂಡು ಮನೆಯ ಮುಂದಿನ ತನಕ ಬಂದು ಅಲ್ಲೇ ಕುಕ್ಕರಗಾಲಲ್ಲಿ ಕೂತು ಚೈನ್ ಕವರ್ ಬಿಚ್ಚಿದೆ. ಬಿಚ್ಚಲು ಏನೂ ಕಾರಣ ಇರಲಿಲ್ಲ. ಅರ್ಧ ತಾಸಾದ ಮೇಲೆ ಎದುರಿಗೆ ಎರಡು ಕಾಲು. ಮೈಲಾರಲಿಂಗಪ್ಪ. ಕೈಯಲ್ಲಿ ಸ್ಪ್ಯಾನರ್.

"ಏನಾಗ್ಯದ್ರಿ?"

"ಸಪ್ಪಳ."

"ಎಲ್ಲಿಂದ?"

ಏನು ಹೇಳಲಿ? "ತಿಳೀವಲ್ದು" ಅಂದೆ.

ಅವನೂ ಗಾಡಿಯ ಆ ಕಡೆ ಕೂತ. ಇಬ್ಬರೂ ಸೇರಿ ಗಟ್ಟಿಯಾಗಿದ್ದ ನಟ್ಟುಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿದೆವು. ಹೊತ್ತು ಮುಳುಗುವ ತನಕ. ಆ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊನೆಗೆ ಸೀಟಿನ ಮೇಲೆ ಕೈ ಆಡಿಸಿದ. ಧೂಳು ಇರಲಿಲ್ಲ. "ಛಲೋ ಇಟ್ಕೊಂಡೀರಿ" ಅಂದ. ಒಳಗಿಂದ ಅತ್ತೆಯ ದನಿ, "ಅಳಿಯನ್ನ ಬಾಗಿಲಾಗ ಕುಂದ್ರಿಸಿ ಏನ್ ಮಾಡಾಕತ್ತೀಯೋ ಮೈಲಾರಿ?"

ಹೋದೆ. ಹೊಸಿಲು ದಾಟುವಾಗ ಕಾಲು ಎಡವಿತು.

ಈಗ ಒಳಗೆ ಪಂಪಮ್ಮನಿಗೆ ಉಡಿ ತುಂಬಲು ಮಣೆ ಹಾಕುತ್ತಿದ್ದಾರೆ. ಹೋದ ಸಲದ್ದು ಅರ್ಧವೇ ಉಳಿದಿದೆ, ಈ ಸಲ ಅಳಿಯ ಎದುರಿಗೆ ಇದ್ದು ಮುಗಿಯುವ ತನಕ ಕೂರಬೇಕು ಅಂತ ಅತ್ತೆಯ ಅಪ್ಪಣೆ. ಕರೆಯುತ್ತಿದ್ದಾರೆ. ಮುಂದಿನ ಅಮಾವಾಸ್ಯೆಗೆ ಲಿಂಗಸುಗೂರಿನಿಂದ ಬರುವಾಗ ಇಲ್ಲಿ ಸಪ್ಪಳ ಬಂದರೆ ನಾನು ಗಾಡಿ ನಿಲ್ಲಿಸಿ... ಮತ್ತೆ ಕರೆದರು, ಎದ್ದೆ.