ದಮ್ಮು ಜಾಸ್ತಿ ಆಗಿದೆ

ಜನವರಿ 9, ಸಂಜೆ

ವೇದಿಕೆಯ ಮೇಲಿಲ್ಲದ ಗಣ್ಯರೇ, ಎದುರಿಗಿಲ್ಲದ ಸಭಿಕರೇ, ಕುರ್ಚಿ ಸಾಲದೆ ಗೋಡೆಗೆ ನೇತುಬಿದ್ದಿರುವ ಸ್ಪ್ಯಾನರುಗಳೇ — ಇಂದಿನ ಉಪನ್ಯಾಸದ ವಿಷಯ: ಏರ್ ಫಿಲ್ಟರ್ ಮತ್ತು ಎತ್ತರ. ಉಪನ್ಯಾಸಕರು ಕನ್ನಡದಲ್ಲಿ ಬಿ.ಎ., ಕಾರ್ಬೊರೇಟರಿನಲ್ಲಿ ಸ್ವಯಂಘೋಷಿತ ಎಂ.ಎ.

ಪೋಸ್ಟ್‌ಮ್ಯಾನ್ ಬಂದಿದ್ದ. ಗಾಡಿ ಈ ಬೆಟ್ಟದೂರಿನ ಏರು ಹತ್ತುತ್ತಿಲ್ಲವಂತೆ. ಬಿಚ್ಚಿದರೆ ಒಳಗೆ ಫಿಲ್ಟರೇ ಇಲ್ಲ!

"ನಾನೇ ತೆಗೆದಿಟ್ಟೆ ಅಣ್ಣ. ಗಾಳಿ ಸಲೀಸಾಗಿ ಹೋಗ್ಲಿ ಅಂತ."

"ಮೂಗಿನ ಕೂದಲು ಕಿತ್ತಾಕಿದ್ರೆ ಉಸಿರು ಜಾಸ್ತಿ ಬರುತ್ತೇನಯ್ಯಾ?"

ಅವನಿಗೆ ಪಾಠ ಮಾಡಿದೆ. ಮೇಲೆ ಹೋದಷ್ಟೂ ಗಾಳಿ ತೆಳು. ಪೆಟ್ರೋಲ್ ಮಾತ್ರ ಅದೇ ಅಳತೆಯಲ್ಲಿ ಬೀಳುತ್ತದೆ. ತಿಂದದ್ದು ಅರಗದೆ ಗಾಡಿ ಕಪ್ಪು ಹೊಗೆ ಬಿಡುತ್ತದೆ. ಪೆಟ್ರೋಲ್ ಬರುವ ಜೆಟ್ಟಿನ ತೂತು ಸಣ್ಣದು ಮಾಡಬೇಕು, ಫಿಲ್ಟರ್ ಶುಚಿ ಮಾಡಬೇಕು. ಕಿತ್ತೆಸೆಯುವುದಲ್ಲ. ಕೊನೆಗೆ ಒಂದು ಪದ್ಯವನ್ನೂ ದಯಪಾಲಿಸಿದೆ —

ಮೇಲೆ ಹೋದರೆ ಗಾಳಿ ತೆಳು,
ಕೆಳಗೆ ಇಳಿದರೆ ಬರೀ ಧೂಳು,
ನಡುವೆ ನಿಂತರೆ ಮೆಕ್ಯಾನಿಕ್ಕಿನ ಗೋಳು.

ಶೆಡ್ಡಿನ ಆ ಅರ್ಧದಲ್ಲಿ ಅಕ್ಕ ಸೀಟ್ ಕವರ್ ಹೊಲಿಯುತ್ತಿದ್ದಳು. ನಕ್ಕಳು. ನಗು ಕೆಮ್ಮಾಯಿತು. ಹೊಲಿಗೆ ಯಂತ್ರದ ಚಕ್ರ ಹಿಡಿದುಕೊಂಡೇ ಕೆಮ್ಮಿದಳು.

"ಲೋ ಪ್ರಾಸಪ್ಪ, ನಿನ್ನ ಪದ್ಯಕ್ಕೆ ಗಾಡಿಗೆ ದಮ್ಮು ಬರುತ್ತೋ ಇಲ್ವೋ, ನಂಗಂತೂ ದಮ್ಮು ಹತ್ತಿತು."

ಈ ಚಳಿಗಾಲ ಕೆಮ್ಮು ಬಿಡುತ್ತಲೇ ಇಲ್ಲ. ಡಾಕ್ಟರ ಹತ್ತಿರ ಬಾ ಎಂದರೆ, ಈ ಸೀಟು ಮುಗೀಲಿ ಎನ್ನುತ್ತಾಳೆ. ಸೀಟು ಯಾವತ್ತೂ ಮುಗಿಯುವುದಿಲ್ಲ.

ಜನವರಿ 17

ಹೋಗಿ ಬಂದೆವು.

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಸುಮ್ಮನೆ ನೋಡಿದರು. ಬಹಳ ಹೊತ್ತು. ನಾನೂ ಗಿರಾಕಿಯ ಇಂಜಿನ್ ಸತ್ತಿದ್ದರೆ ಹಾಗೇ ನೋಡುತ್ತೇನೆ, ಮಾತು ಕೂಡಿಸಿಕೊಳ್ಳುವುದಕ್ಕೆ.

"ಶ್ವಾಸಕೋಶ ಗಟ್ಟಿಯಾಗ್ತಾ ಬಂದಿದೆ. ಈ ಎತ್ತರದಲ್ಲಿ ಇವರಿಗೆ ಗಾಳಿ ಸಾಲೋದಿಲ್ಲ. ಕೆಳಗಡೆ ಯಾರಾದ್ರೂ ಇದ್ದಾರಾ?"

"ಮಗಳಿದಾಳೆ," ಅಕ್ಕ ಅಂದಳು. "ಇವನೊಬ್ಬ ಮೇಲೆ."

"ಕೆಳಗೆ ಹೋದ್ರೆ ಒಂದಷ್ಟು ಕಾಲ…" ಡಾಕ್ಟರು ವಾಕ್ಯ ಮುಗಿಸಲಿಲ್ಲ. ವ್ಯಾಕರಣ ಓದಿದವನು ನಾನು, ಮುಗಿಸಿಕೊಂಡೆ.

ಮನೆಗೆ ಬರುವ ಏರಿನಲ್ಲಿ ಅವಳು ಮೂರು ಕಡೆ ನಿಂತಳು. ನಿಂತಾಗಲೆಲ್ಲ ಅಂಗಡಿ ನೋಡುವ ನಾಟಕ. ಮೂರನೆಯದು ಬಾಗಿಲು ಹಾಕಿದ್ದ ಅಂಗಡಿ.

"ನಂಗೂ ಜೆಟ್ ಬದಲಾಯಿಸೋಕಾಗಲ್ವೇನೋ?"

"ನಿಂದು ಕಂಪನಿ ಫಿಟ್ಟಿಂಗ್ ಅಕ್ಕ. ಬಿಚ್ಚೋ ಹಾಗಿಲ್ಲ."

"ಸರಿ, ಉಸಿರಿಗೆ ಒಂದು ಪ್ರಾಸ ಹೇಳು. ಹಸಿರು ಅಂದ್ರೆ ಒದೀತೀನಿ, ಅದನ್ನ ಲಾರಿ ಹಿಂದೆ ಬರೆದಿರ್ತಾರೆ."

"ಕೆಸರು."

"ಥೂ."

ಜನವರಿ 31, ಮಧ್ಯಾಹ್ನ

ಸಭಿಕರೇ, ಇಂದು ಪ್ರಾತ್ಯಕ್ಷಿಕೆ. ನನ್ನ ಹಳೇ ಗಾಡಿಯನ್ನು ಅಕ್ಕನ ಜೊತೆ ಕೆಳಗೆ ಕಳಿಸುವುದೆಂದು ತೀರ್ಮಾನ. ಪುಟ್ಟಿಯ ಮನೆಯಿಂದ ಆಸ್ಪತ್ರೆ ದೂರ, ಬಸ್ಸಿನ ನೆಚ್ಚಿಗೆ ಇಲ್ಲ. ಪುಟ್ಟಿ — ಅಕ್ಕನ ಮಗಳು, ನನ್ನ ಮಡಿಲಲ್ಲಿ ಗ್ರೀಸ್ ಮೆತ್ತಿಕೊಂಡು ಬೆಳೆದವಳು. ಗಾಡಿ ಓಡಿಸುವುದು ಅವಳ ಗಂಡ.

ಮೇಲಿನ ಗಾಳಿಗೆ ಹಾಕಿದ್ದ ಸಣ್ಣ ಜೆಟ್ ತೆಗೆದು ದೊಡ್ಡದು ಹಾಕಿದೆ. ಸಣ್ಣದರಲ್ಲೇ ಕೆಳಗೆ ಓಡಿಸಿದರೆ ಇಂಜಿನ್ ಕಾದು ಹೋಗುತ್ತದೆ. ಫಿಲ್ಟರಿನ ಸ್ಪಂಜು ಸೋಪಿನ ನೀರಲ್ಲಿ ತೊಳೆದೆ. ಹಿಂಡುವಾಗ ಅಕ್ಕ ಸ್ಟೂಲಿನ ಮೇಲಿಂದಲೇ ಗದರಿದಳು.

"ತಿರುಚಬೇಡ್ವೋ, ಹರಿಯುತ್ತೆ. ಅಂಗೈ ಮಧ್ಯೆ ಇಟ್ಟು ಒತ್ತು. ಇಷ್ಟು ವರ್ಷ ಹೀಗೇನಾ ಹಿಂಡಿದ್ದು?"

ಒತ್ತಿದೆ. ನೆರಳಲ್ಲಿ ಒಣಗಿಸಿ, ಎಣ್ಣೆ ಸವರಿ, ಕೂರಿಸಿದೆ. ಕೆಳಗೆ ಧೂಳು ಜಾಸ್ತಿ, ಎಣ್ಣೆ ಇದ್ದರೆ ಅಲ್ಲೇ ಹಿಡಿದುಕೊಳ್ಳುತ್ತದೆ.

"ಗಾಡಿ ಕೊಟ್ಟು ನೀನೇನು ಮಾಡ್ತೀಯ?"

"ಟೆಸ್ಟ್ ರೈಡ್ ಹೆಸರಲ್ಲಿ ಊರಿನ ಗಾಡಿಯೆಲ್ಲ ನಂದೇ."

ಅಕ್ಕ ಅರ್ಧ ಹೊಲಿದಿದ್ದ ಸೀಟ್ ಕವರ್ ಮಡಿಸಿ ಯಂತ್ರದ ಕೆಳಗೆ ಇಟ್ಟಳು.

ಫೆಬ್ರವರಿ 2

ಹೊರಟರು. ಅಕ್ಕ, ಪುಟ್ಟಿ ಬಸ್ಸಿನಲ್ಲಿ. ಅಳಿಯ ಮಹಾಶಯ ಗಾಡಿಯಲ್ಲಿ ಹಿಂದೆ. ಅವನಿಗೆ ಕೂಗಿ ಹೇಳಿದೆ, "ಕೆಳಗೆ ಮುಟ್ಟಿ ನಾಲ್ಕು ದಿನ ಓಡಿಸಿ, ದಮ್ಮು ಹೇಗಿದೆ ಅಂತ ಫೋನ್ ಮಾಡಿಸಪ್ಪ!"

ಬಸ್ಸಿನ ಕಿಟಕಿಯಿಂದ ಅಕ್ಕ: "ಕೇಳೋದು ಗಾಡೀದು ಮಾತ್ರ. ನೋಡ್ಕೊಳ್ಳಿ, ಇವನು ನನ್ನ ತಮ್ಮ."

ಬಸ್ಸಿನವರೆಲ್ಲ ನಕ್ಕರು. ನಾನೂ.

ಫೆಬ್ರವರಿ 4

ಅಕ್ಕನ ಫೋನ್. "ಇಲ್ಲಿ ಗಾಳಿ ಹಾಲಿನ ಥರ ಗಟ್ಟಿ ಕಣೋ. ಲೋಟಕ್ಕೆ ಬಗ್ಗಿಸ್ಕೊಂಡು ಕುಡೀಬಹುದು."

ಎರಡು ವಾಕ್ಯ. ಒಂದೇ ಉಸಿರಲ್ಲಿ. ಎಷ್ಟು ದಿನವಾಗಿತ್ತು.

ಫೆಬ್ರವರಿ 19, ಸಂಜೆ

ಸಭಿಕರೇ, ಚಪ್ಪಾಳೆಗೆ ಕೈ ಸಿದ್ಧವಿರಲಿ. ಮಧ್ಯಾಹ್ನ ಪುಟ್ಟಿಯ ಫೋನ್. ಪಕ್ಕದಲ್ಲಿ ಕಂಪ್ರೆಸರ್ ಗದ್ದಲ, ಅರ್ಧ ಕೇಳಿಸಲಿಲ್ಲ.

"ಮಾಮ, ದಮ್ಮು ಜಾಸ್ತಿ ಆಗಿದೆ… ತುಂಬಾನೇ…"

"ಆಗಲೇಬೇಕಲ್ಲ! ಕೈ ಯಾರದು? ಪ್ಲಗ್ ಬಿಚ್ಚಿ ಬಣ್ಣ ನೋಡು ಅಂತ ನಿನ್ನ ಗಂಡನಿಗೆ ಹೇಳು. ಕಾಫಿ ಪುಡಿ ಬಣ್ಣ ಇದ್ರೆ ಸರಿ ಇದೆ ಅಂತ."

"ಮಾಮ…"

"ಗಿರಾಕಿ ಇದಾರೆ ಪುಟ್ಟಿ. ಇಡ್ತೀನಿ."

ಗಾಡಿ ಗೆದ್ದಿತು. ಅಶರೀರವಾಣಿಯಂತೆ ಪದ್ಯ ಬಂತು —

ಜೆಟ್ಟು ದೊಡ್ಡದು, ಗುಟ್ಟು ಸಣ್ಣದು,
ಗಾಡಿ ಹಾರಿತು, ಕೀರ್ತಿ ನನ್ನದು.

ಫೆಬ್ರವರಿ 20, ಬಸ್ಸಿನಲ್ಲಿ

ಬೆಳಿಗ್ಗೆ ಪುಟ್ಟಿಯ ಗಂಡ ಫೋನ್ ಮಾಡಿದ. "ನಿನ್ನೇನೇ ಬರ್ತೀರಿ ಅಂದ್ಕೊಂಡ್ವಿ ಮಾಮ. ಇವಳು ಹೇಳಿದ್ಲಲ್ಲ."

"ಏನಂತ?"

"ದಮ್ಮು ಜಾಸ್ತಿ ಆಗಿದೆ ಅಂತ. ಅತ್ತೆಗೆ. ಆಸ್ಪತ್ರೆಗೆ ಸೇರಿಸಿದೀವಿ."

ಗಾಡಿಗೆ ದಮ್ಮು ಜಾಸ್ತಿಯಾದರೆ ಶಕ್ತಿ. ಮನುಷ್ಯನಿಗೆ ಜಾಸ್ತಿಯಾದರೆ — ಅದೇ ಪದ, ಅದೇ ಎರಡಕ್ಷರ. ಇಂಥದಕ್ಕೆ ಶ್ಲೇಷೆ ಎಂದು ಹೆಸರು. ಪರೀಕ್ಷೆಯಲ್ಲಿ ಉದಾಹರಣೆ ಸಹಿತ ಬರೆದಿದ್ದೆ.

ಬಸ್ ಇಳಿಯುತ್ತಿದೆ. ಕಿವಿ ಕಟ್ಟಿಕೊಳ್ಳುತ್ತಿದೆ. ಗಾಳಿ ಗಟ್ಟಿಯಾಗುತ್ತಿರಬೇಕು.

ಫೆಬ್ರವರಿ 21, ಆಸ್ಪತ್ರೆಯ ವರಾಂಡ

ಮಾಸ್ಕ್ ಹಾಕಿದ್ದಾರೆ. ಮಾತಿಲ್ಲ, ತೆಗೆಯಬಾರದಂತೆ. ನನ್ನನ್ನು ನೋಡಿದಳು. ಬಲಗೈ ಹೊದಿಕೆಯಿಂದ ಆಚೆ ಬಂತು. ಮುಷ್ಟಿ ಹಿಡಿದು, ಮಣಿಕಟ್ಟು ಹಿಂದಕ್ಕೆ ತಿರುಗಿಸಿದಳು. ಆಕ್ಸಿಲರೇಟರ್.

ಗಾಡಿ ಹೇಗಿದೆ ಎಂದು ಕೇಳುತ್ತಿದ್ದಾಳೆ.

"ಚೆನ್ನಾಗಿ ಎಳೀತಂತೆ ಅಕ್ಕ."

ಮಾಸ್ಕಿನೊಳಗೆ ನಕ್ಕಳೋ ಏನೋ. ಒಮ್ಮೆಲೇ ಮಂಜು ಕಟ್ಟಿತು.

ಎಳೆದದ್ದು ನಿಜ. ಆಟೊ ಸಿಗದೆ ಇವಳನ್ನು ನಡುವೆ ಕೂರಿಸಿಕೊಂಡು ಅದರಲ್ಲೇ ಕರೆತಂದರಂತೆ. "ಒಂದೇ ಕಿಕ್‌ಗೆ ಸ್ಟಾರ್ಟ್ ಆಯ್ತು ಮಾಮ, ಎಲ್ಲೂ ನಿಲ್ಲಲಿಲ್ಲ." ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ.

ಪುಟ್ಟಿ ಹೊರಗೆ ಬಂದು ಪಕ್ಕ ಕೂತಳು. "ಮೊನ್ನೆ ಪೂರ್ತಿ ಮಾತಾಡ್ತಾ ಇದ್ಲು ಮಾಮ. ಉಸಿರು ಕಟ್ಟಿ ಕಟ್ಟಿ. ಬಸ್ ಬಂತಾ, ಅವನು ಬಂದನಾ, ಇದೇ. ನಿನ್ಗೆ ಏನೋ ಹೇಳ್ಬೇಕು ಅಂತಿದ್ಲು. ನನ್ಗೆ ಹೇಳು ಅಂದ್ರೆ, ನಿಂಗಲ್ಲ ಹೋಗೇ ಅಂದ್ಲು."

"ಕಂಪ್ರೆಸರ್ ಗದ್ದಲ ಪುಟ್ಟಿ. ಕೇಳಿಸಲೇ ಇಲ್ಲ. ಗಾಡಿ ವಿಷಯ ಅಂದ್ಕೊಂಡೆ."

"ಗೊತ್ತು ಬಿಡು ಮಾಮ. ನಿಮ್ಮ ಶೆಡ್ಡು ನಂಗೊತ್ತಿಲ್ವಾ."

ನನ್ನ ಬೆನ್ನು ಸವರಿದಳು. ಅವಳು ನನ್ನ ಬೆನ್ನು ಸವರಿದಳು.

ಫೆಬ್ರವರಿ 22

ಅಕ್ಕ ಹೋದಳು. ಬೆಳಿಗ್ಗೆ.

ಮಾರ್ಚ್ 11

ಗಾಡಿ ನೀನೇ ತಗೊಂಡು ಹೋಗು ಮಾಮ, ನೋಡೋಕಾಗಲ್ಲ ಅಂದಳು ಪುಟ್ಟಿ. ತಗೊಂಡು ಬಂದೆ.

ಕೆಳಗಿನ ಜೆಟ್ಟಿನಲ್ಲೇ ಹತ್ತಿಸಿದೆ. ಮೂರನೇ ತಿರುವಿನಿಂದ ಶುರು — ಮುಕ್ಕರಿಕೆ, ಕಪ್ಪು ಹೊಗೆ. ಸಣ್ಣ ಜೆಟ್ ಜೇಬಿನಲ್ಲೇ ಇತ್ತು. ಸ್ಕ್ರೂಡ್ರೈವರೂ ಇತ್ತು. ಇಳಿದು ಹಾಕಲಿಲ್ಲ. ಎರಡನೇ ಗೇರಿನಲ್ಲಿ, ಕೆಮ್ಮುತ್ತಾ, ನಿಲ್ಲುತ್ತಾ ಬಂತು. ಲಾರಿಯವನೊಬ್ಬ ತಲೆ ಹೊರಗೆ ಹಾಕಿ, "ಫಿಲ್ಟರ್ ನೋಡಿಸು ಗುರುವೇ!" ಎಂದ.

ಸಂಜೆ

ಸಭಿಕರೇ. ಎತ್ತರಕ್ಕೆ ತಕ್ಕ ಜೆಟ್ ಹಾಕದಿದ್ದರೆ ಆಗುವ ಪರಿಣಾಮಗಳು ಹೀಗಿವೆ. ಒಂದು —

ಪೋಸ್ಟ್‌ಮ್ಯಾನ್ ಬಂದಿದ್ದ. ಸ್ಟೂಲಿನ ಮೇಲೆ ಕೂರಲು ಹೋಗಿ, ಏನೋ ನೆನಪಾಗಿ, ನಿಂತೇ ಇದ್ದ. "ಕಂಪ್ರೆಸರ್ ಹಾಗೇ ಅಣ್ಣ. ಪಕ್ಕದಲ್ಲಿ ಗುಂಡು ಹಾರಿಸಿದ್ರೂ ಕೇಳಲ್ಲ. ನೀವೇನು ಮಾಡಕ್ಕಾಗುತ್ತೆ." ಊರಿಗೆಲ್ಲ ಈಗ ಇದೇ ಕಥೆ. ನಾನೇ ಹೇಳಿದ್ದು. ಚೆನ್ನಾಗಿ ಹೇಳಿದ್ದೇನೆ, ಎಲ್ಲರೂ ತಲೆಯಾಡಿಸುತ್ತಾರೆ. ಶ್ಲೇಷೆಯ ಕಥೆ ಕೇಳಿ ಒಬ್ಬ ಮೇಷ್ಟರು ಕಣ್ಣೊರೆಸಿಕೊಂಡರು.

ಸಭೆಯೂ ಇಲ್ಲ, ಸಭಿಕರೂ ಇಲ್ಲ. ಇನ್ನು ಯಾರಿಗೆ ಹೇಳಲಿ.

ಅವತ್ತು ಪುಟ್ಟಿ ಅಳುತ್ತಿದ್ದಳು. ಫೋನಿನಲ್ಲಿ. ಗಾಡಿ ಚೆನ್ನಾಗಿ ಎಳೆಯುತ್ತಿದೆ ಎಂದು ಯಾರೂ ಅಳುತ್ತಾ ಹೇಳುವುದಿಲ್ಲ. ಕೇಳಿಸಿತು. ಪೂರ್ತಿ ಕೇಳಿಸಿತು. ಗಾಡಿಯದೇ ಆಗಿರಲಿ, ಇವತ್ತೊಂದು ದಿನ ಗಾಡಿಯದೇ ಆಗಿರಲಿ ಎಂದುಕೊಂಡು ಫೋನನ್ನು ನಾನೇ ಇಟ್ಟುಬಿಟ್ಟೆ.