ಅಪ್ಪನ ಕೋವಿಯ ವಯಸ್ಸು

ತಾರೀಖು ೧೪, ಶುಕ್ರವಾರ

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದಗಳು.

ಭಾವನವರ ಮಂಡಿನೋವು ಹೇಗಿದೆ? ದೊಡ್ಡವಳು, ಅವಳ ಗುಂಡ, ಅವನ ಕುಂಟು ಬೆಕ್ಕು, ಎಲ್ಲರೂ ಸೌಖ್ಯವೇ? ನಿನ್ನ ಎರಡು ಕಾಗದ ಬಂದು ಮೂರು ತಿಂಗಳಾದರೂ ಉತ್ತರ ಬರೆಯಲಿಲ್ಲ. ಕೋಪ ಮಾಡಿಕೊಳ್ಳಬೇಡ ಎನ್ನುವುದಿಲ್ಲ. ಪೂರ್ತಿ ಓದಿದ ಮೇಲೆ ಮಾಡಿಕೋ. ನನ್ನದೇನು, ಅಂಗಡಿಯ ಹಿಂದಿನ ಕೋಣೆ, ಒಂದು ಕಿಟಕಿ, ಪಾಲಿಶ್‌ಗೆಂದು ಕೊಟ್ಟು ಯಾರೂ ವಾಪಸ್ ಒಯ್ಯದ ಮೂರು ಕುರ್ಚಿ. ದಿನಕ್ಕೊಂದರ ಮೇಲೆ ಕೂತು ಉಣ್ಣುತ್ತೇನೆ. ಯಾವ ಕುರ್ಚಿಗೂ ಬೇಜಾರಾಗಬಾರದಲ್ಲ.

ಮೊದಲನೇ ಕಾಗದದಲ್ಲಿ ನೀನು ಕೇಳಿದ್ದು, ಅಪ್ಪನ ಬೇಟೆ ಕೋವಿ ಎಷ್ಟು ಹಳೆಯದು, ಮಾರಿದರೆ ಎಷ್ಟು ಬಂದೀತು ಎಂದು. ಲೈಸೆನ್ಸಿಗೆ ಅಲೆಯುವುದೂ ಇನ್ನು ಸಾಕು ಎಂದಿದ್ದೆ. ಸರಿ ಎಂದು ಪೆಟ್ಟಿಗೆಯಿಂದ ತೆಗೆದೆ. ಮರವೆಲ್ಲ ಕಪ್ಪಿಟ್ಟು ಜಿಡ್ಡು ಹಿಡಿದಿತ್ತು. ನಲವತ್ತು ವರ್ಷ ಪಾಲಿಶ್ ಮಾಡಿದ ಕೈ ನನ್ನದು. ಮಾಸಿದ ಮರವನ್ನು ಇನ್ನೊಬ್ಬರ ಮುಂದಿಡಲು ಮನಸ್ಸು ಒಪ್ಪಲಿಲ್ಲ. ಎರಡು ದಿನ ಕೂತು ಉಪ್ಪುಕಾಗದ ಹಿಡಿದು ಉಜ್ಜಿದೆ. ಗೀರು, ಕಚ್ಚು ಒಂದೂ ಬಿಡಲಿಲ್ಲ. ಆಮೇಲೆ ಐದು ಸಲ ಪಾಲಿಶ್. ಮುಖ ನೋಡಿಕೊಳ್ಳಬಹುದಿತ್ತು.

ಕೋವಿ ರಿಪೇರಿಯವರ ಅಂಗಡಿಗೆ ಒಯ್ದೆ. ಅವರು ನೋಡಿದ ಕೂಡಲೇ, "ಏನ್ ಯಜಮಾನ್ರೇ, ಮದುವೆ ಗಂಡಿನ ಹಾಗೆ ಸಿಂಗಾರ ಮಾಡ್ಕೊಂಡು ತಂದಿದೀರಿ!" ಎಂದರು. ಹೊಗಳಿಕೆ ಎಂದುಕೊಂಡು ಹಿಗ್ಗಿದೆ. ಅವರು ಎರಡು ಸ್ಕ್ರೂ ಬಿಚ್ಚಿ, ಮರದಿಂದ ನಳಿಗೆಯನ್ನೆತ್ತಿ, ಅಡಿಯಲ್ಲಿ ಒತ್ತಿದ್ದ ನಂಬರನ್ನು ಭೂತಗನ್ನಡಿಯಲ್ಲಿ ಓದಿ, ಒಂದು ದಪ್ಪ ಪುಸ್ತಕದಲ್ಲಿ ಹುಡುಕಿದರು. ಎಪ್ಪತ್ತನಾಲ್ಕು ವರ್ಷವಂತೆ. ನನಗಿಂತ ಎರಡೇ ವರ್ಷ ದೊಡ್ಡದು! ಅಜ್ಜ ಇದರಲ್ಲೇ ಹುಲಿ ಹೊಡೆದ ಎಂದು ಅಪ್ಪ ಎಷ್ಟು ಸಲ ಹೇಳಿಲ್ಲ? ಅಜ್ಜ ತೀರಿಕೊಂಡು ಹತ್ತು ವರ್ಷವಾದ ಮೇಲೆ ಈ ಕೋವಿ ಹುಟ್ಟಿದೆ. ಆ ಹುಲಿ ಆರಾಮಾಗಿ ಮುದಿಯಾಗಿಯೇ ಸತ್ತಿರಬೇಕು. ಅಲ್ಲೇ ಜೋರಾಗಿ ನಕ್ಕೆ. ನಕ್ಕು ಪಕ್ಕಕ್ಕೆ ತಿರುಗಿದೆ, ನೀನಿರಲಿಲ್ಲ.

"ಬೆಲೆ?" ಎಂದೆ.

"ಇದ್ದ ಹಾಗೇ ತಂದಿದ್ರೆ ಹಳೇ ಕೋವಿ ಕೂಡಿಡೋರು ಕಿತ್ತಾಡ್ಕೊಂಡು ತಗೊಳ್ಳೋರು. ಈಗ ಅದರಲ್ಲಿ ಮೂರರಲ್ಲೊಂದು ಪಾಲು ಬಂದ್ರೆ ಹೆಚ್ಚು. ಯಾರ್ರೀ ಇದನ್ನ ಉಜ್ಜಿದ್ದು?"

"ಯಾರೋ ಒಬ್ಬ ಮುದುಕ."

"ಅವನ ಕೈ ಕಟ್ಟಿಹಾಕ್ಬೇಕಿತ್ತು. ಹಳೇ ಸಾಮಾನಿಗೆ ಅದರ ಕೊಳೆಯೇ ಸಾಕ್ಷಿ ಕಣ್ರೀ."

ಬೆಲೆ ಹೋದದ್ದಕ್ಕೆ ಬೈಯುವವಳಲ್ಲ ನೀನು, ಗೊತ್ತು. ಭಾವನವರಿಗೆ ಮೆಟ್ಟಿಲು ಹತ್ತುವುದು ಕಡಿಮೆ ಮಾಡಲು ಹೇಳು. ಗುಂಡನಿಗೆ ನನ್ನ ಮುತ್ತು. ಎಲ್ಲರೂ ತಣ್ಣಗಿರಿ.

ಇಂತಿ,
ನಿನ್ನ ಅಣ್ಣ

ಮರೆತದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು: ಕೋವಿ ರಿಪೇರಿಯವರಲ್ಲಿಂದ ಮರಳಿದಾಗ ಬಾಗಿಲ ಸಂದಿಯಲ್ಲಿ ನಿನ್ನ ಎರಡನೇ ಕಾಗದವಿತ್ತು. "ದುಡ್ಡು ಎಷ್ಟಾದರೂ ಬರಲಿ, ಮಾರೋ ಮೊದಲು ಪುಟ್ಟಣ್ಣನ ಕಚ್ಚಿನ ಎತ್ತರಕ್ಕೆ ಒಂದು ದಾರ ಅಳೆದು ಕಳಿಸು ಅಣ್ಣಾ" ಎಂದು ಬರೆದಿದ್ದೆ. ನಾವು ಮೂವರೂ ಒಬ್ಬೊಬ್ಬರಾಗಿ ಮೊದಲ ಸಲ ಎದ್ದು ನಿಂತ ದಿನ ಅಪ್ಪ ಕೋವಿಯನ್ನು ಪಕ್ಕದಲ್ಲಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಮರದಲ್ಲಿ ಚಾಕುವಿನಿಂದ ಒಂದೊಂದು ಕಚ್ಚು ಹಾಕಿದ್ದ. ನಡುವಿನವನು ಪುಟ್ಟಣ್ಣ ನೀನು ಹುಟ್ಟುವ ಮೊದಲೇ ತೀರಿಹೋದ. ಅವನ ಫೋಟೋ ಇಲ್ಲ, ಒಂದು ಅಂಗಿಯೂ ಉಳಿದಿಲ್ಲ. ನೀನು ಚಿಕ್ಕವಳಿದ್ದಾಗ ಆ ಕಚ್ಚಿನ ಮೇಲೆ ಬೆರಳಿಟ್ಟು "ಪುಟ್ಟಣ್ಣ ಇಷ್ಟೇ ಇಷ್ಟು" ಎನ್ನುತ್ತಿದ್ದೆ. ಉಜ್ಜುವಾಗ ನನಗೆ ನೆನಪೇ ಆಗಲಿಲ್ಲ. ಬರೀ ಮರ ನೋಡಿದೆ. ಎಷ್ಟು ಚೆನ್ನಾಗಿ ಅಳಿಸಿದ್ದೇನೆಂದರೆ ಈಗ ನನಗೇ ಜಾಗ ಸಿಗುತ್ತಿಲ್ಲ. ಅಂದಾಜಿಗೆ ಒಂದು ದಾರ ಕತ್ತರಿಸಿ ಕವರಿಗೆ ಹಾಕಿದ್ದೆ. ನಿನಗೆ ಗೊತ್ತಾಗುತ್ತಿರಲಿಲ್ಲ. ಮೂರು ತಿಂಗಳು ಆ ಕವರು ಕುರ್ಚಿಯ ಮೇಲೇ ಬಿದ್ದಿತ್ತು; ಅಂಚೆಗೆ ಹಾಕಲಾಗಲಿಲ್ಲ.

ಕೋವಿಯನ್ನು ಮಾರಿಲ್ಲ. ನಿನ್ನ ಬೆರಳಿಗೆ ಆ ಜಾಗ ಇನ್ನೂ ನೆನಪಿದ್ದೀತು. ಕಣ್ಣು ಮುಚ್ಚಿಕೊಂಡು ಗಾಳಿಯಲ್ಲೇ ಬೆರಳಿಟ್ಟು, ನೆಲದಿಂದ ಅಲ್ಲಿಯವರೆಗೆ ದಾರ ಅಳೆದು ನೀನೇ ನನಗೆ ಕಳಿಸು ತಂಗೀ. ಬೇಗ ಬರೆ.